ಎಸ್ಪಿಯ ಹೆಸರು, ಊರಿನ ಹೆಸರು

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹೊರಗೆ ನಿಲ್ಲುವ ಆಟೋಗಳಲ್ಲಿ ಒಂದರ ಬೆನ್ನಿನ ಮೇಲೆ ಶಂಕರ್‌ನಾಗ್ ಚಿತ್ರವಿದೆ. ಖಾಕಿ ಅಂಗಿ, ಪೊಲೀಸ್ ಟೋಪಿ, ಕೆಳಗೆ ಬಣ್ಣ ಮಾಸಿದ ಅಕ್ಷರಗಳಲ್ಲಿ 'ಸಾಂಗ್ಲಿಯಾನ'. ರಾಜಘಟ್ಟಕ್ಕೆ ಹೋಗಲು ಒಮ್ಮೆ ಅದೇ ಆಟೋ ಹತ್ತಿದ್ದೆ. ಓಡಿಸುತ್ತಿದ್ದ ಹುಡುಗ ನನಗಿಂತ ಚಿಕ್ಕವನು, ಶಂಕರ್‌ನಾಗ್ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಹುಟ್ಟಿದವನು. ಅಸಲಿ ಸಾಂಗ್ಲಿಯಾನ ಯಾರು ಗೊತ್ತಾ ಎಂದು ಕೇಳಿದೆ. 'ಅಸಲಿ ಅಂದ್ರೆ? ಶಂಕ್ರಣ್ಣನೇ ಅಲ್ವಾ ಅಕ್ಕ?' ಎಂದ.

ಅಸಲಿ ಸಾಂಗ್ಲಿಯಾನ ಮಿಜೋರಾಂನವರು. ಎಚ್.ಟಿ. ಸಾಂಗ್ಲಿಯಾನ 1967ರ ತಂಡದ ಐಪಿಎಸ್ ಅಧಿಕಾರಿಯಾಗಿ ಕರ್ನಾಟಕಕ್ಕೆ ಬಂದು, ಇಲ್ಲೇ ಮೇಲೇರಿ, ಬೆಂಗಳೂರು ನಗರದ ಪೊಲೀಸ್ ಆಯುಕ್ತರೂ ಆಗಿ 2003ರಲ್ಲಿ ನಿವೃತ್ತರಾದರು. ಪಿ. ನಂಜುಂಡಪ್ಪ ನಿರ್ದೇಶನದ 'ಸಾಂಗ್ಲಿಯಾನ' ತೆರೆಗೆ ಬಂದದ್ದು 1988ರಲ್ಲಿ, 'ಎಸ್.ಪಿ. ಸಾಂಗ್ಲಿಯಾನ ಭಾಗ 2' ಬಂದದ್ದು 1990ರಲ್ಲಿ. ಅಂದರೆ ಅಧಿಕಾರಿ ಇನ್ನೂ ಕೆಲಸದಲ್ಲಿರುವಾಗಲೇ ಅವರ ಹೆಸರು ಚಿತ್ರಮಂದಿರದ ಮುಂದೆ ಕಟೌಟ್ ಆಗಿ ನಿಂತಿತ್ತು. ಆ ಹೆಸರಿಗೆ ಹೊನ್ನಾವರದ ಕಡೆಯ ಒಬ್ಬ ನಟನ ಮುಖ ಅಂಟಿಕೊಂಡಿತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನ ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡ ಮೇಲೆ ಆ ಮುಖವೂ ದಂತಕತೆಯಾಯಿತು. ಈಗ ಹೆಸರು ಯಾರದು, ಮುಖ ಯಾರದು ಎಂದು ಬಿಡಿಸಿ ನೋಡುವವರಿಲ್ಲ. ಇನ್ನೊಂದು ತಮಾಷೆ: ಸಾಂಗ್ಲಿಯಾನ ಎಷ್ಟು ಮೇಲಿನ ಹುದ್ದೆಗೆ ಹೋದರೂ ಜನರ ಬಾಯಲ್ಲಿ ಅವರು 'ಎಸ್ಪಿ'ಯಾಗಿಯೇ ಉಳಿದರು. ಇಲಾಖೆ ಕೊಟ್ಟ ಬಡ್ತಿಯನ್ನು ಸಿನಿಮಾ ಒಪ್ಪಲಿಲ್ಲ.

ನಮ್ಮ ಅಪರಾಧ ಕಥನಗಳಲ್ಲಿ ಯಾರಿಗೆ ಹೆಸರು ಸಿಗುತ್ತದೆ, ಯಾರ ಹೆಸರು ಕೆಡುತ್ತದೆ, ಯಾರಿಗೆ ಹೆಸರೇ ಇರುವುದಿಲ್ಲ ಎಂಬುದು ಕೆಲವು ದಿನಗಳಿಂದ ನನ್ನನ್ನು ಕಾಡುತ್ತಿದೆ. ಅದಕ್ಕೆ ಕಾರಣ ಸಾಂಗ್ಲಿಯಾನ ಒಬ್ಬರೇ ಅಲ್ಲ, ನಮ್ಮದೇ ಜಿಲ್ಲೆಯ ಒಂದು ಊರೂ ಹೌದು. ಆ ಊರಿಗೆ ಆಮೇಲೆ ಬರುತ್ತೇನೆ.

ಸಾಂಗ್ಲಿಯಾನರ ಬಗ್ಗೆ ಜನ ಹೇಳಿಕೊಳ್ಳುತ್ತಿದ್ದ ಕತೆಗಳಲ್ಲಿ ಮಾರುವೇಷದ ಕತೆಗಳೇ ಹೆಚ್ಚು. ಹಳ್ಳಿಯವನಂತೆ ಬಂದು ಠಾಣೆಯಲ್ಲಿ ದೂರು ಕೊಡುತ್ತಾರಂತೆ, ಲಂಚ ಕೇಳಿದವನನ್ನು ಅಲ್ಲೇ ಹಿಡಿಯುತ್ತಾರಂತೆ. ಎಷ್ಟು ನಿಜ, ಎಷ್ಟು ಸೇರಿಸಿದ್ದು ಎಂಬುದಕ್ಕಿಂತ ಆ ಕತೆಗಳ ಜಾಯಮಾನ ನೋಡಬೇಕು. ರಾತ್ರಿ ಮಾರುವೇಷದಲ್ಲಿ ಊರು ಸುತ್ತಿ ಪ್ರಜೆಗಳ ಕಷ್ಟ ಕೇಳುವ ರಾಜನ ಕತೆ ನಮ್ಮ ಅಜ್ಜಿಯರೆಲ್ಲ ಹೇಳಿದ್ದೇ. ಆ ಕತೆಯಲ್ಲಿ ಮಂತ್ರಿ ಕೆಟ್ಟವನು, ಕೊತ್ವಾಲ ಕೆಟ್ಟವನು, ರಾಜ ಮಾತ್ರ ಒಳ್ಳೆಯವನು. ಅವನಿಗೆ ವಿಷಯ ಗೊತ್ತಾಗಿರುವುದಿಲ್ಲ ಅಷ್ಟೆ. ಎಂಬತ್ತರ ದಶಕದ ಬೆಂಗಳೂರು ಈ ಹಳೆಯ ಕತೆಗೆ ಖಾಕಿ ತೊಡಿಸಿತು. ಠಾಣೆ ಕೆಟ್ಟಿದೆ, ವ್ಯವಸ್ಥೆ ಕೆಟ್ಟಿದೆ, ಎಸ್ಪಿ ಒಬ್ಬ ಒಳ್ಳೆಯವನು. ಠಾಣೆಯನ್ನು ರಿಪೇರಿ ಮಾಡುವ ಪ್ರಶ್ನೆ ಈ ಕತೆಯಲ್ಲಿ ಏಳುವುದೇ ಇಲ್ಲ.

ರಾಜನ ಕತೆಯಿಂದ ಮತಪೆಟ್ಟಿಗೆಗೆ ದೂರವೂ ಹೆಚ್ಚಿಲ್ಲ. 2004ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಉತ್ತರದಲ್ಲಿ ಸಾಂಗ್ಲಿಯಾನ ಬಿಜೆಪಿಯಿಂದ ನಿಂತು, ರೈಲ್ವೆ ಸಚಿವರಾಗಿದ್ದ ಸಿ.ಕೆ. ಜಾಫರ್ ಷರೀಫ್ ಅವರನ್ನು ಸೋಲಿಸಿದರು. ಮಿಜೋ ಕ್ರೈಸ್ತರೊಬ್ಬರು ಬಿಜೆಪಿ ಚಿಹ್ನೆಯ ಮೇಲೆ ಬೆಂಗಳೂರಿನಿಂದ ಗೆದ್ದದ್ದನ್ನು ರಾಜಕೀಯ ಶಾಸ್ತ್ರದವರು ಬೇರೆ ಬೇರೆ ರೀತಿ ವಿವರಿಸಿಯಾರು. ನನಗೆ ಕಾಣುವುದು ಇಷ್ಟು: ಮತಪತ್ರದ ಮೇಲಿನ ಆ ಹೆಸರನ್ನು ಜನ ಹದಿನಾರು ವರ್ಷದಿಂದ ಬಲ್ಲವರಾಗಿದ್ದರು. 2008ರ ಜುಲೈ 22ರಂದು ಅಣು ಒಪ್ಪಂದದ ಹಿನ್ನೆಲೆಯ ವಿಶ್ವಾಸಮತದಲ್ಲಿ ಅವರು ಪಕ್ಷದ ವಿಪ್ ಮೀರಿ ಮನಮೋಹನ್ ಸಿಂಗ್ ಸರ್ಕಾರದ ಪರ ಮತ ಹಾಕಿದರು. ಪಕ್ಷ ಉಚ್ಚಾಟಿಸಿತು. 2009ರಲ್ಲಿ ಕಾಂಗ್ರೆಸ್ಸಿನಿಂದ ಬೆಂಗಳೂರು ಕೇಂದ್ರದಲ್ಲಿ ನಿಂತು ಪಿ.ಸಿ. ಮೋಹನ್ ಎದುರು ಸೋತರು. ಸಿನಿಮಾದ ನಾಯಕ ಇಂಥ ಗೊಂದಲಗಳಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಅವನಿಗೆ ವಿಪ್ ಇಲ್ಲ, ಕ್ಷೇತ್ರ ಪುನರ್ವಿಂಗಡಣೆ ಇಲ್ಲ.

ಆಮೇಲಿನ ಅಧಿಕಾರಿಗಳಲ್ಲಿ ಈ ಲೆಕ್ಕ ತಿರುಗುಮುರುಗಾಗಿದೆ. ಸಾಂಗ್ಲಿಯಾನರ ಹೆಸರು ಅಧಿಕಾರಿಯಿಂದ ಸಿನಿಮಾಕ್ಕೆ ಹೋಯಿತು. ಉಡುಪಿ, ಚಿಕ್ಕಮಗಳೂರುಗಳಲ್ಲಿ ಎಸ್ಪಿಯಾಗಿದ್ದ ಕೆ. ಅಣ್ಣಾಮಲೈ ಅವರಿಗೆ ಸಿನಿಮಾದಿಂದಲೇ ಹೆಸರು ಬಂತು. 'ಸಿಂಗಂ' ಎಂದು ಕರೆಸಿಕೊಂಡರು, 2019ರಲ್ಲಿ ರಾಜೀನಾಮೆ ಕೊಟ್ಟರು, 2021ರಲ್ಲಿ ತಮಿಳುನಾಡು ಬಿಜೆಪಿಯ ಅಧ್ಯಕ್ಷರಾದರು. ಈಗ ಎಸ್ಪಿಯೊಬ್ಬರು ಜಿಲ್ಲೆಗೆ ಬಂದ ವಾರದಲ್ಲೇ ಹಿನ್ನೆಲೆ ಸಂಗೀತದೊಂದಿಗೆ ರೀಲ್ಸ್ ಬರುತ್ತವೆ. ಸಿನಿಮಾ ಬರುವವರೆಗೆ ಕಾಯುವ ತಾಪತ್ರಯವಿಲ್ಲ.

ಪೊಲೀಸ್ ಅಧಿಕಾರಿಗೆ ಹೀಗೆ ಮುಖ ಸಿಕ್ಕಿದ ಕಾಲದಲ್ಲೇ ಎದುರು ಪಕ್ಷದವರಿಗೆ, ಅಂದರೆ ರೌಡಿಗಳಿಗೆ, ಮನಸ್ಸು ಸಿಕ್ಕಿತು. ಇದು ಕನ್ನಡದ ಒಂದು ವಿಶೇಷ. ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಓದಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಎಂ.ಪಿ. ಜಯರಾಜ್, 1986ರಲ್ಲಿ ಕೊಲೆಯಾದ ಕೊತ್ವಾಲ್ ರಾಮಚಂದ್ರ, ಆಯಿಲ್ ಕುಮಾರ್: ಇವರೆಲ್ಲ ಅಲ್ಲಿ ಪತ್ರಿಕೆಯ ಅಪರಾಧ ಪುಟದ ಹೆಸರುಗಳಾಗಿ ಬರುವುದಿಲ್ಲ. ಹೆದರುತ್ತಾರೆ, ಜಂಬ ಕೊಚ್ಚುತ್ತಾರೆ, ಯಾರನ್ನೂ ನಂಬದೆ ನಿದ್ದೆಗೆಡುತ್ತಾರೆ. ನಿರೂಪಕನಿಗೆ ತಾನು ಮಾಡಲಿರುವ ಕೊಲೆಯ ಬಗ್ಗೆ ಯೋಚಿಸಲು ಸಮಯವಿದೆ, ಭಾಷೆಯಿದೆ. ಕೊಂದವನೇ ಬರೆದ ಪುಸ್ತಕ ಎಂಬ ಮುಜುಗರ ಓದುಗರಿಗೆ ಉದ್ದಕ್ಕೂ ಇರುತ್ತದೆ. ಆ ಮುಜುಗರವೇ ಪುಸ್ತಕದ ಬಲ ಎಂದು ನಾನು ತಿಳಿದಿದ್ದೇನೆ. ಕೆ.ಎಂ. ಚೈತನ್ಯ ನಿರ್ದೇಶನದ 'ಆ ದಿನಗಳು' (2007) ಅದರ ಒಂದು ಭಾಗವನ್ನು ತೆರೆಗೆ ತಂದಾಗ, ಕೊತ್ವಾಲನಾಗಿ ಶರತ್ ಲೋಹಿತಾಶ್ವ ಕೂಗಾಡದೆಯೇ ಹುಟ್ಟಿಸಿದ ಭಯವನ್ನು ನೋಡಿದವರು ಮರೆಯಲಾರರು.

ಆದರೆ ಇಲ್ಲೂ ಒಂದು ಆಯ್ಕೆ ನಡೆದಿದೆ. ಮನಸ್ಸು ಸಿಕ್ಕಿರುವುದು ದಾದಾಗಳಿಗೆ. ಅವರ ಹಿಂದೆ ಮಚ್ಚು ಹಿಡಿದು ಓಡುವ ಹುಡುಗರು ಅಡ್ಡಹೆಸರಿನಲ್ಲಿ ಬಂದು ಅಡ್ಡಹೆಸರಿನಲ್ಲೇ ಹೋಗುತ್ತಾರೆ. ಕೊಲೆಗೆ ಆರಿಸಿಕೊಳ್ಳುವ ಜಾಗವನ್ನೂ ಗಮನಿಸಿ. ಕೊತ್ವಾಲ್ ಸತ್ತದ್ದು ನಗರದೊಳಗಲ್ಲ, ಹೊರಗಿನ ತೋಟದ ಮನೆಯಲ್ಲಿ. ಬೆಂಗಳೂರಿನ ಭೂಗತ ಲೋಕದ ಕಥನಗಳಲ್ಲಿ ನಮ್ಮಂಥ ತಾಲ್ಲೂಕುಗಳು ಬರುವುದೇ ಹೀಗೆ: ತೋಟದ ಮನೆ, ಕೆರೆ ಅಂಗಳ, ನೀಲಗಿರಿ ತೋಪು. ಅಲ್ಲಿ ಹೆಣ ಬೀಳುತ್ತದೆ, ಕಾರು ವಾಪಸು ಹೋಗುತ್ತದೆ. ಬೆಳಿಗ್ಗೆ ಹೆಣ ನೋಡಿದ ದನ ಕಾಯುವವನಿಗೆ ಏನನ್ನಿಸಿತು ಎಂದು ಯಾರೂ ಬರೆದಿಲ್ಲ.

ಈಗ ಆ ಊರು. ದಂಡುಪಾಳ್ಯ ನಮ್ಮ ಜಿಲ್ಲೆಯ ಹೊಸಕೋಟೆಯ ಬಳಿ ಇದೆ. ದಂಡು ಎಂದರೆ ಸೈನ್ಯ, ಪಾಳ್ಯ ಎಂದರೆ ಬೀಡು. ಈ ನಾಡಿನಲ್ಲಿ ಪಾಳ್ಯ ಎಂದು ಮುಗಿಯುವ ಊರುಗಳಿಗೆ ಲೆಕ್ಕವಿಲ್ಲ. ತೊಂಬತ್ತರ ದಶಕದಲ್ಲಿ ಒಂಟಿ ಮನೆಗಳಿಗೆ ನುಗ್ಗಿ ಕೊಲೆ, ದರೋಡೆ, ಅತ್ಯಾಚಾರ ನಡೆಸಿದ ಗುಂಪಿಗೆ ಈ ಊರಿನ ಹೆಸರು ಬಿತ್ತು. ಹತ್ತಾರು ಪ್ರಕರಣಗಳು ದಾಖಲಾದವು, ವಿಶೇಷ ನ್ಯಾಯಾಲಯ ಹಲವರಿಗೆ ಮರಣದಂಡನೆ ವಿಧಿಸಿತು, ಹೈಕೋರ್ಟಿನಲ್ಲಿ ಕೆಲವು ಮರಣದಂಡನೆಗಳು ಉಳಿಯಲಿಲ್ಲ. ನ್ಯಾಯಾಲಯ ಪ್ರತಿ ಪ್ರಕರಣವನ್ನೂ ಬೇರೆ ಬೇರೆಯಾಗಿ, ಸಾಕ್ಷಿ ಇದೆಯೇ ಇಲ್ಲವೇ ಎಂದು ತೂಗಿ ನೋಡುತ್ತದೆ. ಜನರ ಬಾಯಲ್ಲಿ ಎಲ್ಲವೂ ಒಂದೇ ಮಾತಿನಲ್ಲಿ ಮುಗಿಯುತ್ತದೆ: 'ದಂಡುಪಾಳ್ಯದೋರು'.

ನಾನು ಪಿಯುಸಿ ಓದುವಾಗ ಆ ಕಡೆಯ ಗೆಳತಿಯೊಬ್ಬಳಿದ್ದಳು. ಊರು ಯಾವುದು ಎಂದರೆ 'ಹೊಸಕೋಟೆ' ಎನ್ನುತ್ತಿದ್ದಳು. ಹೊಸಕೋಟೆಯಲ್ಲಿ ಎಲ್ಲಿ ಎಂದರೆ 'ಪೇಟೆ ಪಕ್ಕದಲ್ಲೇ' ಎನ್ನುತ್ತಿದ್ದಳು. ವರ್ಷದ ಕೊನೆಯಲ್ಲಿ ಬಸ್ ಪಾಸ್ ಅರ್ಜಿ ತುಂಬುವಾಗ ವಿಳಾಸ ನೋಡಿದ ಹುಡುಗನೊಬ್ಬ ಬೆಂಚಿನ ಮೇಲಿದ್ದ ತನ್ನ ಬ್ಯಾಗನ್ನು ಎತ್ತಿ ಎದೆಗೆ ಅವಚಿಕೊಂಡು ನಗಿಸಿದ. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಶ್ರೀನಿವಾಸರಾಜು ನಿರ್ದೇಶನದ 'ದಂಡುಪಾಳ್ಯ' ಬಿಡುಗಡೆಯಾದದ್ದು 2012ರಲ್ಲಿ. ಆ ಚಿತ್ರ ಕೆಟ್ಟ ಕಸುಬಿನದ್ದೆಂದು ನಾನು ಹೇಳಲಾರೆ. ಪೂಜಾ ಗಾಂಧಿ, ಮಕರಂದ್ ದೇಶಪಾಂಡೆ ಇಬ್ಬರೂ ಪಾತ್ರದೊಳಗೆ ಪೂರ್ತಿ ಇಳಿದಿದ್ದಾರೆ. ಹಗಲು ಹೊತ್ತಿನಲ್ಲಿ, ಪಾತ್ರೆ ತೊಳೆಯುವ ಸದ್ದಿನ ನಡುವೆ ಭಯ ಬರುತ್ತದೆ ಎಂಬುದನ್ನು ಅದು ಕಂಡುಕೊಂಡಿದೆ. ಬಾಗಿಲು ತಟ್ಟಿ ಹೆಂಗಸೊಬ್ಬಳು ಕುಡಿಯಲು ನೀರು ಕೇಳುತ್ತಾಳೆ. ಒಳಗಿನವರು ನೀರು ತರಲು ತಿರುಗುತ್ತಾರೆ. ಆ ಕ್ಷಣ ಚಿತ್ರಮಂದಿರದಲ್ಲಿ ಉಸಿರು ನಿಲ್ಲುತ್ತದೆ.

ನನ್ನ ತಕರಾರು ಅಲ್ಲಿಂದ ಮುಂದಿನದು. ಒಳಗೆ ನಡೆಯುವುದನ್ನು ಕ್ಯಾಮೆರಾ ಕೊಲ್ಲುವವರ ಹೆಗಲ ಮೇಲಿಂದ ನೋಡುತ್ತದೆ. ಸಾಯುವ ಹೆಂಗಸು ಯಾರು, ಬೆಳಿಗ್ಗೆ ಯಾರ ಜೊತೆ ಜಗಳವಾಡಿದ್ದಳು, ಯಾವ ಊರಿನಿಂದ ಸೊಸೆಯಾಗಿ ಬಂದವಳು, ಏನೂ ತಿಳಿಯುವುದಿಲ್ಲ. ಅವಳಿಗಿರುವುದು ಒಂದು ಕುತ್ತಿಗೆ ಮತ್ತು ಒಂದು ಸರ. ಪೊಲೀಸ್ ಅಧಿಕಾರಿಗೆ ಮಾತ್ರ ಹೆಸರಿದೆ: ರವಿಶಂಕರ್ ಮಾಡಿದ ಇನ್‌ಸ್ಪೆಕ್ಟರ್ ಚಲಪತಿ. ಅದು ತನಿಖೆ ನಡೆಸಿದ ನಿಜ ಅಧಿಕಾರಿಯ ಹೆಸರೇ. ಸಾಂಗ್ಲಿಯಾನದಿಂದ ಇಪ್ಪತ್ತನಾಲ್ಕು ವರ್ಷ ಕಳೆದರೂ ಈ ಹಂಚಿಕೆ ಬದಲಾಗಿಲ್ಲ. ಅಧಿಕಾರಿಗೆ ಸ್ವಂತ ಹೆಸರು, ಅಪರಾಧಿಗೆ ಊರಿನ ಹೆಸರು, ಸತ್ತವಳಿಗೆ ಏನೂ ಇಲ್ಲ.

2017ರ ಎರಡನೆಯ ಭಾಗದಲ್ಲಿ ಶ್ರುತಿ ಮಾಡಿರುವ ಪತ್ರಕರ್ತೆಯ ಪಾತ್ರ ಒಂದು ಪ್ರಶ್ನೆ ಎತ್ತುತ್ತದೆ: ಇವರೇ ಎಲ್ಲವನ್ನೂ ಮಾಡಿದರು ಎನ್ನಲು ಠಾಣೆಯ ಹೊಡೆತ ಬಿಟ್ಟು ಬೇರೆ ಆಧಾರವೇನು? ಒಳ್ಳೆಯ ಪ್ರಶ್ನೆ. ಆದರೆ ಚಿತ್ರಕ್ಕೆ ಪ್ರಶ್ನೆಗಿಂತ ಹೊಡೆತದಲ್ಲೇ ಆಸಕ್ತಿ ಹೆಚ್ಚು. ಲಾಕಪ್ಪಿನ ಹಿಂಸೆಯನ್ನೂ ಅದು ಮೊದಲ ಭಾಗ ಕೊಲೆಗಳನ್ನು ತೋರಿಸಿದ ಹಸಿವಿನಿಂದಲೇ ತೋರಿಸುತ್ತದೆ. ಹೀಗಾಗಿ ಊರಿನ ಮೇಲಿನ ಕಳಂಕದ ಬಗ್ಗೆ ಕೇಳಬಹುದಾಗಿದ್ದ ಮಾತು ಮತ್ತೊಂದು ಪ್ರದರ್ಶನವಾಗಿ ಮುಗಿಯಿತು.

ಮೊದಲ ಚಿತ್ರ ಬಂದ ವರ್ಷ ನೆನಪಿರಲಿ. ಅದೇ 2012ರ ಆಗಸ್ಟಿನಲ್ಲಿ ಮೊಬೈಲ್‌ಗಳಲ್ಲಿ ಹರಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗುವಾಹಟಿಯ ರೈಲಿಗೆ ಮುಗಿಬಿದ್ದರು. ಸೆಕ್ಯುರಿಟಿ ಗಾರ್ಡುಗಳು, ಬ್ಯೂಟಿ ಪಾರ್ಲರ್‌ಗಳಲ್ಲಿ ದುಡಿಯುವ ಹುಡುಗಿಯರು, ಕಾಲೇಜು ವಿದ್ಯಾರ್ಥಿಗಳು. ಮಿಜೋ ಅಧಿಕಾರಿಯೊಬ್ಬರ ಹೆಸರನ್ನು ಆಟೋಗಳ ಬೆನ್ನ ಮೇಲೆ ಬರೆದುಕೊಂಡ ನಗರವೇ ಇದು. ಆ ಹೆಸರನ್ನು ಅಷ್ಟು ಪ್ರೀತಿಸಿದವರಿಗೆ ಆ ಮುಖಗಳು ಪರಿಚಯವಾಗಿರಲಿಲ್ಲ. ತೆರೆಯ ಮೇಲಿನ ಸಾಂಗ್ಲಿಯಾನನ ಮುಖ ಶಂಕರ್‌ನಾಗ್ ಅವರದ್ದಾಗಿರದೆ ಬೇರೆ ಯಾರದ್ದಾದರೂ ಆಗಿದ್ದರೆ ಏನಾಗುತ್ತಿತ್ತು ಎಂದು ಕೇಳುವುದು ಅನ್ಯಾಯವಿರಬಹುದು. ಆದರೂ ಕೇಳದೆ ಇರಲಾಗುವುದಿಲ್ಲ.

ಊರಿನ ಹೆಸರು ಕೆಡುವ ಈ ಕತೆ ಹೊಸಕೋಟೆಗೆ ಸೀಮಿತವಲ್ಲ. ರವಿ ಬೆಳಗೆರೆ 'ಭೀಮಾ ತೀರದ ಹಂತಕರು' ಎಂದು ಬರೆದ ಮೇಲೆ ಆ ನಾಲ್ಕು ಪದಗಳಂತಿರುವ ಮೂರು ಪದಗಳು ಟಿವಿ ವಾಹಿನಿಗಳ ಸ್ವತ್ತಾದವು. ವಿಜಯಪುರ, ಕಲಬುರಗಿ ಕಡೆ ಯಾವ ಕೊಲೆ ನಡೆದರೂ, ಕಾರಣ ಆಸ್ತಿ ಜಗಳವಾಗಲಿ ಕುಡಿತವಾಗಲಿ, 'ಭೀಮಾ ತೀರದಲ್ಲಿ ಮತ್ತೆ ನೆತ್ತರು' ಎಂಬ ಧಾಟಿಯಲ್ಲೇ ಸುದ್ದಿ. 'ಭೀಮಾ ತೀರದಲ್ಲಿ' ಎಂಬ ಸಿನಿಮಾ ಬಂದದ್ದೂ 2012ರಲ್ಲೇ. ಬೆಳಗೆರೆಯವರ ಗದ್ಯದ ಓಟವನ್ನು ಅಲ್ಲಗಳೆಯಲಾರೆ. ಬಸ್ಸಿನಲ್ಲಿ ಶುರುಮಾಡಿ ಇಳಿಯುವ ಊರು ಮರೆತವರಲ್ಲಿ ನಾನೂ ಒಬ್ಬಳು. ಆದರೆ ಅದೇ ಭೀಮೆಯ ದಡದಲ್ಲಿ ಸನ್ನತಿಯಿದೆ, ಕನಗನಹಳ್ಳಿಯಿದೆ. 'ರಾಯ ಅಸೋಕೋ' ಎಂದು ಹೆಸರು ಕೊರೆದ ಅಶೋಕನ ಶಿಲ್ಪ ಸಿಕ್ಕ ಬೌದ್ಧ ಸ್ತೂಪ ಅಲ್ಲಿಯದು. ರಾಜಘಟ್ಟದ ನೆಲದಲ್ಲೂ ಬೌದ್ಧ ಚೈತ್ಯದ ಅವಶೇಷ ಸಿಕ್ಕಿದೆ, ಅಂಗೈಯಗಲದ ಮಣ್ಣಿನ ಹರಕೆ ಮುದ್ರೆಗಳ ಸಮೇತ. ಹಾಗಾಗಿ ಇತಿಹಾಸ ವಿಭಾಗದವರ ಮುಂದೆ ನಮ್ಮೂರಿನ ಹೆಸರು ಹೇಳಿದರೆ ಅವರ ಮುಖ ಅರಳುತ್ತದೆ. ಇದರಲ್ಲಿ ನನ್ನ ಸಾಧನೆಯೇನೂ ಇಲ್ಲ. ನನ್ನ ಗೆಳತಿಯ ತಪ್ಪೂ ಇರಲಿಲ್ಲ.

ಜನರನ್ನು ಒಬ್ಬೊಬ್ಬರಾಗಿ ನೋಡದೆ ಗುಂಪಿನ ಮೇಲೆ ಅಪರಾಧದ ಹಣೆಪಟ್ಟಿ ಹಚ್ಚುವುದನ್ನು ಬ್ರಿಟಿಷರು 1871ರಲ್ಲಿ ಕಾನೂನೇ ಮಾಡಿದ್ದರು. ಅಪರಾಧಿ ಬುಡಕಟ್ಟುಗಳ ಆ ಕಾಯ್ದೆ 1952ರಲ್ಲಿ ರದ್ದಾಯಿತು. ಪುಸ್ತಕದಿಂದ ಹೋದದ್ದು ನಾಲಿಗೆಯಿಂದ ಹೋಗಿಲ್ಲ. ನಮ್ಮ ಸಿನಿಮಾ ಶೀರ್ಷಿಕೆಗಳು, ಅಪರಾಧ ಪುಟಗಳು ಅದನ್ನು ಉಳಿಸಿಕೊಳ್ಳಲು ತಮ್ಮ ಪಾಲಿನ ಕೆಲಸ ಮಾಡಿವೆ.

ಇನ್ನು ಸಾಂಗ್ಲಿಯಾನರ ಕತೆಯ ಕಹಿ ಭಾಗ. 2018ರ ಮಾರ್ಚಿನಲ್ಲಿ ಬೆಂಗಳೂರಿನ ಕಾರ್ಯಕ್ರಮವೊಂದಕ್ಕೆ ದೆಹಲಿಯ ನಿರ್ಭಯಾ ಅವರ ತಾಯಿ ಬಂದಿದ್ದರು. ವೇದಿಕೆಯ ಮೇಲಿದ್ದ ಸಾಂಗ್ಲಿಯಾನ ಆ ತಾಯಿಯ ಮೈಕಟ್ಟನ್ನು ಹೊಗಳಿ, ಮಗಳು ಎಷ್ಟು ಚೆಲುವೆಯಾಗಿದ್ದಿರಬೇಕೆಂದು ಊಹಿಸಬಲ್ಲೆ ಎಂಬ ಅರ್ಥದ ಮಾತಾಡಿದರು. ಬಲವಂತಕ್ಕೆ ಸಿಕ್ಕಿದರೆ ಶರಣಾಗಿ ಜೀವ ಉಳಿಸಿಕೊಳ್ಳಿ ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳಿದರು. ದೇಶವೆಲ್ಲ ಟೀಕಿಸಿತು, ಸುರಕ್ಷತೆಯ ದೃಷ್ಟಿಯಿಂದ ಹೇಳಿದ್ದು ಎಂದು ಅವರು ಸಮರ್ಥಿಸಿಕೊಂಡರು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು 'ದಂಡುಪಾಳ್ಯ'ದ ಕ್ಯಾಮೆರಾ. ಮಗಳನ್ನು ಕಳೆದುಕೊಂಡು ವರ್ಷಗಟ್ಟಲೆ ಕೋರ್ಟು ಅಲೆದ ಹೆಂಗಸು ಎದುರಿಗೆ ನಿಂತಾಗಲೂ ಕಾಣುವುದು ಮೈ ಎಂದಾದರೆ, ರಕ್ಷಿಸುವ ನಾಯಕನ ನೋಟಕ್ಕೂ ಕೊಲೆಗಾರರ ಹೆಗಲ ಮೇಲಿನ ನೋಟಕ್ಕೂ ಎಲ್ಲೋ ಒಂದು ಕಡೆ ಕೊಂಡಿಯಿದೆ. ಒಬ್ಬ ವ್ಯಕ್ತಿಯನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಅವರ ವೃತ್ತಿಜೀವನದ ಪ್ರಾಮಾಣಿಕತೆಯ ಬಗ್ಗೆ ಜನರಿಗಿದ್ದ ಗೌರವ ಸುಳ್ಳಲ್ಲ. ಆದರೆ ಮಾರುವೇಷದ ರಾಜನ ಕತೆಯಲ್ಲಿ ಹೆಣ್ಣು ಯಾವಾಗಲೂ ಕಾಪಾಡಿಸಿಕೊಳ್ಳುವವಳು. ಅವಳು ಬದುಕಿ ಉಳಿದು ಮಾತಾಡಿದರೆ ಏನು ಮಾಡಬೇಕೆಂದು ಆ ಕತೆಗೆ ತಿಳಿಯದು.

ಪೊಲೀಸನನ್ನು ಬೇರೆ ರೀತಿ ಬರೆಯಲು ಕನ್ನಡದಲ್ಲಿ ಆಗುವುದಿಲ್ಲವೇ? ತೇಜಸ್ವಿ ಬರೆದಿದ್ದಾರೆ. 'ಚಿದಂಬರ ರಹಸ್ಯ'ದಲ್ಲಿ ಕೆಸರೂರಿಗೆ ಬರುವ ಗುಪ್ತಚರ ಅಧಿಕಾರಿ ಅಂಗಡಿ ಒಂದು ಸಾವಿನ ಜಾಡು ಹಿಡಿದು ಹೊರಟು, ಏಲಕ್ಕಿ, ಜಾತಿ, ಪ್ರೇಮ, ಕಳ್ಳತನ, ಕ್ರಾಂತಿಯ ಹುಚ್ಚು ಎಲ್ಲದರ ನಡುವೆ ದಾರಿ ತಪ್ಪುತ್ತಾನೆ. ಅವನಿಗೆ ಮೀಸೆ ತಿರುವಲು ಪುರಸೊತ್ತಿಲ್ಲ. ಊರಿಗೆ ಒಬ್ಬ ಖಳ ಸಿಕ್ಕಿದರೆ ಸಾಕು ಎಂದುಕೊಂಡು ಬಂದವನಿಗೆ ಊರಿಗೆ ಊರೇ ಸಿಗುತ್ತದೆ. ಕೆಸರೂರು ಎಂಬ ಹೆಸರು ಕೇಳಿದರೆ ಓದಿದವರಿಗೆ ನಗು, ಸಿಟ್ಟು, ಭಯ ಎಲ್ಲವೂ ಒಟ್ಟಿಗೆ ನೆನಪಾಗುತ್ತವೆ. ಒಂದು ಊರನ್ನು ಬರೆಯುವುದು ಎಂದರೆ ಅಷ್ಟು ಕೆಲಸ.

ನಮ್ಮ ತಾಲ್ಲೂಕುಗಳಿಗೆ ಅಂಥ ಕಾದಂಬರಿ ಇನ್ನೂ ಬಂದಿಲ್ಲ ಎನ್ನಿಸುತ್ತದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ಬಂದಿಳಿದ ಮೇಲೆ ಇಲ್ಲಿನ ಹಿಂಸೆಯ ರೀತಿಯೇ ಬೇರೆಯಾಗಿದೆ. ಮಚ್ಚಿಗಿಂತ ಮೊದಲು ಅಗ್ರಿಮೆಂಟ್ ಪತ್ರ ಬರುತ್ತದೆ. ರೌಡಿ ಪಟ್ಟಿಯಲ್ಲಿದ್ದ ಹೆಸರು ಲೇಔಟ್ ಕಮಾನಿನ ಮೇಲೆ, ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕಾಣುತ್ತದೆ. ಇದನ್ನು ಹಿಡಿಯಲು ಎಸ್ಪಿ ಮಾರುವೇಷ ಹಾಕಬೇಕಿಲ್ಲ, ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕೂತರೆ ಸಾಕು. ಕಾದಂಬರಿಕಾರರೂ ಕೂರಬಹುದು.

ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಕೆಲವು ಹಳೆಯ ಬಾಗಿಲುಗಳ ಮೇಲೆ 'ನಾಳೆ ಬಾ' ಎಂಬ ಸುಣ್ಣದ ಬರಹ ಇನ್ನೂ ಅಳಿಸಿರಲಿಲ್ಲ. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸು ಹೋಗುತ್ತದೆ ಎಂಬ ನಂಬಿಕೆ ತೊಂಬತ್ತರ ದಶಕದಲ್ಲಿ ಈ ಸೀಮೆಯಲ್ಲೆಲ್ಲ ಹಬ್ಬಿತ್ತು. ಅದೇ ದಶಕ ಮುಗಿಯುವ ಹೊತ್ತಿಗೆ ಹಗಲು ಹೊತ್ತಿನಲ್ಲಿ ನೀರು ಕೇಳುವವರ ಭಯ ಬಂತು. ದೆವ್ವಕ್ಕೆ ಓದು ಬರುತ್ತಿತ್ತು. ಇವರಿಗೆ ಏನು ಬರೆದಿಡುವುದು? ಕೇಳಿದವರಿಗೆ ನೀರು ಇಲ್ಲ ಎನ್ನಬಾರದೆಂದು ಬೆಳೆದ ನಮ್ಮಜ್ಜಿ ತಾನೇ ಒಂದು ಉಪಾಯ ಮಾಡಿಕೊಂಡರು. ಬಾಗಿಲು ತೆಗೆಯದೆ ಕಿಟಕಿಯ ಸರಳಿನ ನಡುವೆ ಲೋಟ ದಾಟಿಸುವುದು. ಚೊಂಬು ಸರಳಿನಲ್ಲಿ ತೂರುವುದಿಲ್ಲವೆಂದು ಅದಕ್ಕಾಗಿಯೇ ಉದ್ದನೆಯ ಸ್ಟೀಲ್ ಲೋಟವೊಂದನ್ನು ಕಿಟಕಿಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದಾರೆ. ಅದು ಈಗಲೂ ಅಲ್ಲೇ ಇದೆ.

2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯುವಾಗ ಗಣತಿಗೆ ಬಂದ ಶಿಕ್ಷಕಿಯೊಬ್ಬರು ಬಿಸಿಲಿನಲ್ಲಿ ದಣಿದು ನಮ್ಮ ಮನೆಯ ಮುಂದೆ ನಿಂತು ನೀರು ಕೇಳಿದರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮೊಬೈಲ್. ನಾನು ಬಾಗಿಲ ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಅಜ್ಜಿ ಲೋಟ ತುಂಬಿಸಿ ಕಿಟಕಿಯ ಬಳಿ ನಿಂತಾಗಿತ್ತು.

'ಯಾವೂರಮ್ಮ ನಿಂದು?'

'ಹೊಸಕೋಟೆ ಅಜ್ಜಿ.'

'ಹೊಸಕೋಟೇಲಿ ಎಲ್ಲಿ?'

ಆಕೆ ನೀರು ಕುಡಿದು, ಲೋಟವನ್ನು ಸರಳಿನ ನಡುವೆಯೇ ವಾಪಸು ಕೊಟ್ಟು, 'ಪೇಟೆ ಪಕ್ಕದಲ್ಲೇ' ಎಂದರು.